ಸಣ್ಣಕತೆಯಲ್ಲಿ ಏಕಾಕಿತನ

ಏಕಾಕಿತನವು ನವ್ಯರು ತಂದ ವಸ್ತುವೆಂಬ ಮಾತನ್ನು ತರಗತಿಗಳಲ್ಲಿ ಅನೇಕ ಸಲ ಕೇಳಿದ್ದೇನೆ. ಕನ್ನಡ ಸಣ್ಣಕತೆಯ ಚರಿತ್ರೆ ಅದನ್ನು ಒಪ್ಪುವುದಿಲ್ಲ. ನವ್ಯಕ್ಕೆ ಬಹು ಮೊದಲೇ ಕೊಡಗಿನ ಗೌರಮ್ಮನವರು ಅದನ್ನು ಬರೆದಿದ್ದರು. 1912ರಲ್ಲಿ ಮಡಿಕೇರಿಯಲ್ಲಿ ಜನಿಸಿದ ಆಕೆ 1939ರಲ್ಲಿ, ತಮ್ಮ 27ನೆಯ ವಯಸ್ಸಿನಲ್ಲಿ, ಹೊಳೆಯಲ್ಲಿ ಈಜುವಾಗ ಮುಳುಗಿ ತೀರಿಕೊಂಡರು. ‘ಕಂಬನಿ’ ಸಂಕಲನ ಬೆಳಕು ಕಂಡದ್ದು ಅನಂತರ. ಅವರ ಕತೆಗಳ ಹೆಂಗಸರಲ್ಲಿ ವಿಧವೆಯರಿದ್ದಾರೆ, ಗಂಡು ಕೈಬಿಟ್ಟವರಿದ್ದಾರೆ. ಬಂಧುಗಳು ತುಂಬಿದ ಮನೆಯಲ್ಲೇ ಅವರು ಒಂಟಿ. ಎದುರಿಗಿರುವವರೊಡನೆ ಆಡಲಾಗದ ಮಾತು ಕಾಗದಕ್ಕಿಳಿಯುತ್ತದೆ. ಕೆಲವು ಕತೆಗಳು ಪತ್ರರೂಪ ತಾಳಿರುವುದು ಇದರಿಂದಲೇ ಎಂದು ನನ್ನ ಎಣಿಕೆ.

1973ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಬಂದಿತು. ನವ್ಯದಿಂದ ದೂರ ಸರಿದುದನ್ನು ಅವರು ಮುನ್ನುಡಿಯಲ್ಲೇ ಸಾರಿದರು. ಶೀರ್ಷಿಕೆಯ ಕತೆಯಲ್ಲಿ ಮತ್ತೆ ಕಾಗದವೇ ಬರುತ್ತದೆ: ಹೆಂಡತಿ ಮತ್ತು ಅತ್ತೆಯ ನಡುವೆ ಬದುಕುವ ಬೋಬಣ್ಣ ಪರರ ಪತ್ರಗಳನ್ನು ಒಡೆದು ಓದುತ್ತಾನೆ. ಅದೇ ಸಂಕಲನದ ತಬರ ನಿವೃತ್ತಿವೇತನಕ್ಕಾಗಿ ಕಚೇರಿಗಳಿಗೆ ಅಲೆಯುತ್ತಿರುವಾಗ ಮನೆಯಲ್ಲಿ ಹೆಂಡತಿಯ ಕಾಲು ಕೊಳೆಯುತ್ತದೆ. ಆಕೆಯೊಬ್ಬಳೇ ಅವನ ಸಂಸಾರ. ಅವಳೂ ಹೋದ ಮೇಲೆ ಊರಿನ ನಡುವೆಯೇ ಅವನು ಒಬ್ಬಂಟಿಗ.

ನಿಸರ್ಗವು ಇಂಥವರನ್ನು ಸಂತೈಸುವುದೆಂಬ ನಂಬಿಕೆ ನಮ್ಮ ಕಾವ್ಯದಲ್ಲಿ ಹಳೆಯದು. ತೇಜಸ್ವಿಯವರ ಮಲೆನಾಡು ಕಾಫಿತೋಟ, ಕೂಲಿ, ಸಾಲಗಳ ನೆಲ. ಅಲ್ಲಿನ ಮಳೆ ಯಾರ ಅಳಲನ್ನೂ ಆಲಿಸುವುದಿಲ್ಲ. ಆಲಿಸಬೇಕಾದವರು ಮನೆಯವರು, ಊರವರು. ಅವರು ಆಲಿಸಲಿಲ್ಲವೆಂಬುದೇ ಈ ಇಬ್ಬರು ಕತೆಗಾರರ ಆಕ್ಷೇಪ.