ಮೂಳೆ ಸವೆತ ಮತ್ತು ವಸಡಿನ ರೋಗ: ದವಡೆಯಲ್ಲಿ ಸಂಧಿಸುವ ಎರಡು ಕಾಯಿಲೆಗಳು

ಪ್ರತಿ ವರ್ಷ ನವೆಂಬರ್ ತಿಂಗಳು ಬಂತೆಂದರೆ ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಸಲ್ಲಿಸಲು ಬ್ಯಾಂಕಿಗೆ ಬರುತ್ತಾರೆ. ಮುಂಬಯಿಯ ಉಪನಗರದ ಶಾಖೆಯೊಂದರಲ್ಲಿ ಹಲವು ವರ್ಷ ಈ ಕೆಲಸ ನೋಡಿಕೊಂಡ ನಮಗೆ, ಅವರಲ್ಲಿ ಅನೇಕ ಹಿರಿಯ ಮಹಿಳೆಯರ ಬೆನ್ನು ವರ್ಷದಿಂದ ವರ್ಷಕ್ಕೆ ಬಾಗುತ್ತಿರುವುದೂ ಬಾಯಿಯಲ್ಲಿ ಹಲ್ಲುಗಳು ವಿರಳವಾಗುತ್ತಿರುವುದೂ ಕಣ್ಣಿಗೆ ಬೀಳುತ್ತಿತ್ತು. ಎರಡನ್ನೂ ವೃದ್ಧಾಪ್ಯದ ಖಾತೆಗೇ ಬರೆದು ಸುಮ್ಮನಿರುತ್ತಿದ್ದೆವು. ಇವಕ್ಕೆ ಪರಸ್ಪರ ಸಂಬಂಧವಿರಬಹುದೆಂಬ ವಿಚಾರ ನಮ್ಮ ಗಮನಕ್ಕೆ ಬಂದದ್ದು ಸ್ವಂತ ಮನೆಯಲ್ಲೇ ಒಂದು ಪ್ರಸಂಗ ಎದುರಾದ ಮೇಲೆ. ಅದನ್ನು ಮುಂದೆ ಹೇಳುತ್ತೇವೆ. ಮೊದಲು ಕಾಯಿಲೆಗಳ ಪರಿಚಯ.

ಜನರು ಮೂಳೆ ಸವೆತವೆಂದು ಕರೆಯುವ ಆಸ್ಟಿಯೋಪೊರೋಸಿಸ್‌ನಲ್ಲಿ ಮೂಳೆಯ ಒಳರಚನೆ ತೆಳುವಾಗಿ ಟೊಳ್ಳು ಬೀಳುತ್ತದೆ. (ಮೊಣಕಾಲಿನ ಕೀಲು ಸವೆದರೂ ಇದೇ ಹೆಸರನ್ನು ಬಳಸುವ ರೂಢಿಯಿದೆ, ಅದು ಬೇರೆಯೇ ಕಾಯಿಲೆ.) ಮೂಳೆ ಜಡವಸ್ತುವಲ್ಲ. ಅದರಲ್ಲಿ ಹಳೆಯ ಭಾಗ ಕರಗುತ್ತಾ ಹೊಸತು ಕಟ್ಟಲ್ಪಡುತ್ತಾ ಇರುತ್ತದೆ. ಸುಮಾರು 30ರ ವಯಸ್ಸಿನವರೆಗೆ ಜಮೆ ಹೆಚ್ಚು, ಅನಂತರ ನಿಧಾನವಾಗಿ ಖರ್ಚಿನ ಕೈ ಮೇಲಾಗುತ್ತದೆ. ಮಹಿಳೆಯರಲ್ಲಿ ಮುಟ್ಟು ನಿಂತೊಡನೆ ಈಸ್ಟ್ರೋಜೆನ್ ಹಾರ್ಮೋನಿನ ಕಾವಲು ತಪ್ಪಿ, ಮೊದಲ 5ರಿಂದ 7 ವರ್ಷಗಳಲ್ಲೇ ಮೂಳೆಯ ಸಾಂದ್ರತೆ ಶೇಕಡಾ 20ರವರೆಗೂ ಇಳಿಯಬಹುದು. ವಿಶ್ವ ಆರೋಗ್ಯ ಸಂಸ್ಥೆಯು 1994ರಲ್ಲಿ ನಿಗದಿಪಡಿಸಿದಂತೆ, ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಈ ಕಾಯಿಲೆ ಇದೆಯೆಂದರ್ಥ. ಮಣಿಕಟ್ಟೋ ಬೆನ್ನುಮೂಳೆಯೋ ಸೊಂಟವೋ ಮುರಿಯುವ ತನಕ ನೋವಿಲ್ಲದಿರುವುದೇ ಇದರ ಕೇಡು.

ವಸಡಿನ ರೋಗವೂ ಹೀಗೆಯೇ ಸದ್ದಿಲ್ಲದೆ ಬರುವಂಥದು. ಹಲ್ಲಿನ ಬುಡದಲ್ಲಿ ಕೂರುವ ಪಾಚಿಯಲ್ಲಿರುವ ಬ್ಯಾಕ್ಟೀರಿಯಗಳಿಂದ ಮೊದಲು ವಸಡು ಕೆಂಪಾಗಿ ಊದಿಕೊಂಡು, ಹಲ್ಲುಜ್ಜುವಾಗ ರಕ್ತ ಬರುತ್ತದೆ. ಈ ಹಂತದಲ್ಲಿ ಸ್ವಚ್ಛಗೊಳಿಸಿದರೆ ಪೂರ್ತಿ ವಾಸಿಯಾಗುತ್ತದೆ. ಅಲಕ್ಷಿಸಿದರೆ ವಸಡು ಹಲ್ಲಿನಿಂದ ಬೇರ್ಪಟ್ಟು ಸಂದು ಬೀಳುತ್ತದೆ. ಆರೋಗ್ಯವಂತರಲ್ಲಿ 3 ಮಿಲಿಮೀಟರು ಮೀರದ ಈ ಸಂದು ಆಳವಾಗುತ್ತಾ ಹೋಗುತ್ತದೆ. ಹಿಂದಿನವರು ಪಯೋರಿಯಾ ಎನ್ನುತ್ತಿದ್ದ ಸ್ಥಿತಿ ಇದು. ಇಲ್ಲಿ ಮೂಳೆಯನ್ನು ಕರಗಿಸುವುದು ಬ್ಯಾಕ್ಟೀರಿಯಗಳಿಗಿಂತ ಹೆಚ್ಚಾಗಿ, ಅವುಗಳ ವಿರುದ್ಧ ಹೋರಾಡಲು ಹೊರಟ ನಮ್ಮದೇ ದೇಹದ ಉರಿಯೂತ ಎಂಬುದು ನಮಗಂತೂ ಆಶ್ಚರ್ಯದ ಸಂಗತಿಯಾಗಿತ್ತು.

ಹಲ್ಲು ನಿಂತಿರುವುದು ವಸಡಿನಲ್ಲಲ್ಲ, ದವಡೆಯ ಮೂಳೆಯ ಗೂಡಿನಲ್ಲಿ. ಆದ್ದರಿಂದ ಎರಡೂ ಕಾಯಿಲೆಗಳು ಕೊನೆಗೆ ಬಂದು ಸೇರುವ ಜಾಗ ಇದೇ. ಒಂದು ಒಳಗಿನಿಂದ ಮೂಳೆಯನ್ನು ತೆಳುವಾಗಿಸಿದರೆ ಇನ್ನೊಂದು ಅಂಚಿನಿಂದ ತಿನ್ನುತ್ತಾ ಬರುತ್ತದೆ. ಮೂಳೆಯನ್ನು ಕರಗಿಸುವ ಜೀವಕೋಶಗಳನ್ನು ಕೆರಳಿಸುವ ರಾಸಾಯನಿಕ ಸಂದೇಶಗಳೂ ಬಹುಮಟ್ಟಿಗೆ ಒಂದೇ. ಮೂಳೆ ಸವೆತವಿರುವ ಮಹಿಳೆಯರು ಹಲ್ಲು ಕಳೆದುಕೊಳ್ಳುವ ಸಂಭವ ಉಳಿದವರಿಗಿಂತ ಮೂರು ಪಟ್ಟು ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಪ್ರಕಟಿಸಿದ ಮಾಹಿತಿ ಹೇಳುತ್ತದೆ. ಹಾಗೆಂದು ಮೂಳೆ ಸವೆತವೇ ವಸಡಿನ ರೋಗವನ್ನು ತರುತ್ತದೆಯೆಂದು ತಿಳಿಯಬಾರದು. ಪಾಚಿಯಿಲ್ಲದೆ ವಸಡಿನ ರೋಗವಿಲ್ಲ. ವಯಸ್ಸು, ತಂಬಾಕು, ಸಕ್ಕರೆ ಕಾಯಿಲೆ ಇವು ಎರಡಕ್ಕೂ ಸಮಾನ ಕಾರಣಗಳಾಗಿರುವುದರಿಂದ, ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳುವುದು ಕಷ್ಟ. ಮೂಳೆ ಬಡವಾಗಿದ್ದವರಲ್ಲಿ ಅದೇ ಪಾಚಿ ಹೆಚ್ಚು ಹಾನಿ ಮಾಡಬಹುದು ಎನ್ನುವವರೆಗೆ ಮಾತ್ರ ಹೇಳಬಹುದು.

ದಂತವೈದ್ಯರು ಇಡೀ ದವಡೆಯ ಎಕ್ಸ್-ರೇ ತೆಗೆಸುವುದುಂಟು. ಅದರಲ್ಲಿ ಕೆಳದವಡೆಯ ಅಂಚಿನ ಗಟ್ಟಿ ಪದರ 3 ಮಿಲಿಮೀಟರಿಗಿಂತ ತೆಳುವಾಗಿ ಕಂಡರೆ, ದೇಹದ ಉಳಿದ ಮೂಳೆಗಳನ್ನೂ ಪರೀಕ್ಷಿಸಿಕೊಳ್ಳಲು ಅದು ಸೂಚನೆ.

ಇನ್ನು ನಮ್ಮ ಮನೆಯ ಪ್ರಸಂಗ. 67 ವರ್ಷದ ನಮ್ಮ ಅತ್ತಿಗೆಯವರಿಗೆ ಮೂಳೆ ಸವೆತಕ್ಕಾಗಿ ವರ್ಷಕ್ಕೊಮ್ಮೆ ಜೊಲೆಡ್ರೋನಿಕ್ ಆಸಿಡ್ ಎಂಬ ಔಷಧಿಯನ್ನು ಡ್ರಿಪ್ ಮೂಲಕ ಕೊಡುತ್ತಿದ್ದರು. ವಸಡಿನ ರೋಗದಿಂದ ಅಲುಗಾಡುತ್ತಿದ್ದ ಹಲ್ಲೊಂದನ್ನು ಕೀಳಿಸಲು ಹೋದಾಗ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ದಂತವೈದ್ಯರು ಕೇಳಿದರು. ಅತ್ತಿಗೆಯವರು ರಕ್ತದೊತ್ತಡದ ಮಾತ್ರೆ, ಥೈರಾಯ್ಡಿನ ಮಾತ್ರೆ ಎಂದು ಹೇಳಿದರು. ಡ್ರಿಪ್ ಮಾತ್ರೆಯಲ್ಲವಲ್ಲ! ಹಲ್ಲು ಕಿತ್ತ ಗಾಯ ವಾರಗಳು ಕಳೆದರೂ ಮಾಯಲಿಲ್ಲ, ಒಳಗಿನ ಮೂಳೆ ಕಾಣತೊಡಗಿತು. ಆಗಷ್ಟೇ ಡ್ರಿಪ್ಪಿನ ಮಾತು ಹೊರಬಂತು.

ದವಡೆಯ ಮೂಳೆ ಹೀಗೆ 8 ವಾರಕ್ಕೂ ಮೀರಿ ತೆರೆದುಕೊಂಡಿರುವ ಸ್ಥಿತಿಯನ್ನು ಈ ಜಾತಿಯ ಔಷಧಿಗಳೊಂದಿಗೆ ಜೋಡಿಸಿದ ಮೊದಲ ವರದಿಗಳು ಬಂದದ್ದು 2003ರಲ್ಲಿ. ಅದೂ ಮುಖ್ಯವಾಗಿ ಹೆಚ್ಚಿನ ಪ್ರಮಾಣದಲ್ಲಿ ಔಷಧಿ ಪಡೆಯುತ್ತಿದ್ದ ಕ್ಯಾನ್ಸರ್ ರೋಗಿಗಳಲ್ಲಿ. ಮೂಳೆ ಸವೆತಕ್ಕೆ ಕೊಡುವ ಪ್ರಮಾಣದಲ್ಲಿ ಇದು ತೀರಾ ವಿರಳ. ಸೊಂಟ ಮುರಿದು ಹಾಸಿಗೆ ಹಿಡಿಯುವ ಅಪಾಯ ಅದಕ್ಕಿಂತ ಎಷ್ಟೋ ದೊಡ್ಡದು. ಆದಕಾರಣ ಹೆದರಿ ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು. ಅದರಲ್ಲೂ 6 ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮಾಬ್ ಇಂಜೆಕ್ಷನ್ನನ್ನು ಹಠಾತ್ತನೆ ಬಿಟ್ಟರೆ ಬೆನ್ನುಮೂಳೆ ಒಂದರ ಮೇಲೊಂದು ಕುಸಿಯುವ ಭಯವಿದೆ.

ಅತ್ತಿಗೆಯವರ ಗಾಯ ಬಾಯಿ ಮುಕ್ಕಳಿಸುವ ನಂಜುನಿವಾರಕದಿಂದಲೂ ಆಂಟಿಬಯೋಟಿಕ್ಕಿನಿಂದಲೂ ನಾಲ್ಕು ತಿಂಗಳಲ್ಲಿ ಮಾಯಿತು. ಮೊದಲೇ ಹೇಳಿದ್ದರೆ ಇದು ಖಂಡಿತ ತಪ್ಪುತ್ತಿತ್ತೇ ಎಂದು ಕೇಳಿದೆವು. ಹಾಗೆ ಹೇಳಲಾಗದು, ಹಲ್ಲು ಕೀಳದಿದ್ದರೂ ವಸಡಿನ ಹಳೆಯ ಸೋಂಕೇ ಇಂಥ ತೊಂದರೆಗೆ ದಾರಿ ಮಾಡಬಲ್ಲದು ಎಂದು ವೈದ್ಯರು ತಿಳಿಸಿದರು. ಡ್ರಿಪ್ ಆರಂಭಿಸುವ ಮುನ್ನವೇ ದಂತವೈದ್ಯರಿಗೆ ತೋರಿಸಿ, ಕೀಳಬೇಕಾದ ಹಲ್ಲನ್ನು ಕೀಳಿಸಿ, ಗಾಯ ಮಾಯಲು ಬಿಡುವುದು ಸರಿಯಾದ ಕ್ರಮವಂತೆ. ಈಗಾಗಲೇ ಆರಂಭಿಸಿದವರೂ ಹಲ್ಲು ಸ್ವಚ್ಛಗೊಳಿಸುವುದಕ್ಕೆ, ಕುಳಿ ತುಂಬಿಸುವುದಕ್ಕೆ ಅಂಜಬೇಕಿಲ್ಲ. ಕೀಳಿಸುವಾಗ ಮತ್ತು ಇಂಪ್ಲಾಂಟ್ ಹಾಕಿಸುವಾಗ ಮಾತ್ರ ಎರಡೂ ವೈದ್ಯರು ಮಾತನಾಡಿಕೊಳ್ಳಬೇಕು. ಈ ಔಷಧಿ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ, ಹಿಂದೆಂದೋ ಪಡೆದದ್ದನ್ನೂ ಹೇಳಬೇಕಾಗುತ್ತದೆ. ಅತ್ತಿಗೆಯವರು ಈಗ ಡ್ರಿಪ್ಪಿನ ಹೆಸರು ಮತ್ತು ದಿನಾಂಕ ಬರೆದ ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡಿದ್ದಾರೆ.

ಆಹಾರದ ಬಗ್ಗೆಯೂ ಒಂದು ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಮಹಿಳೆಯರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಆದರೆ ಮುಂಬಯಿ ಕನ್ನಡಿಗರಲ್ಲಿ ಹೆಚ್ಚಿನವರು ಕರಾವಳಿಯ ಅನ್ನದವರು ಇಲ್ಲವೇ ಉತ್ತರ ಕರ್ನಾಟಕದ ಜೋಳದ ರೊಟ್ಟಿಯವರು. ಅಕ್ಕಿ, ಜೋಳಗಳಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ. ಹಾಲು, ಮೊಸರು, ಎಳ್ಳು, ಮುಳ್ಳುಸಮೇತ ತಿನ್ನುವ ಸಣ್ಣ ಮೀನು ಆ ಕೊರತೆಯನ್ನು ತುಂಬಬಲ್ಲವು. ಫ್ಲ್ಯಾಟಿನಲ್ಲೇ ದಿನ ಕಳೆಯುವವರಿಗೆ ಬಿಸಿಲು ದೊರೆಯದೆ ವಿಟಮಿನ್ ಡಿ ಕಡಿಮೆಯಾಗುವುದು ಬೇರೆ ಮಾತು. ಇವೆಲ್ಲ ಮೂಳೆಗೆ ಒಳ್ಳೆಯದಾದರೂ ಹಲ್ಲಿನ ಪಾಚಿಯನ್ನು ತೆಗೆಯಲಾರವು.

ಮಹಾರಾಷ್ಟ್ರದಲ್ಲಿ ಹಲ್ಲಿಗೆ ಮಿಶ್ರಿ ಉಜ್ಜುವ ರೂಢಿ ಕೆಲವರಿಗಿದೆ. ಅದು ಸುಟ್ಟ ತಂಬಾಕು. ತಂಬಾಕಿನ ನಿಕೋಟಿನ್ ವಸಡಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ ರೋಗವಿದ್ದರೂ ರಕ್ತ ಕಾಣಿಸದಿರಬಹುದು. ರಕ್ತ ಬರುವುದಿಲ್ಲ, ನಮ್ಮ ಹಲ್ಲು ಗಟ್ಟಿ ಎಂದು ಅಂಥವರು ಧೈರ್ಯವಾಗಿರುತ್ತಾರೆ. ಕಟ್ಟಿಸಿದ ಹಲ್ಲಿನ ಸೆಟ್ ಮೊದಲು ಸರಿಯಾಗಿ ಕೂತಿದ್ದು ಕ್ರಮೇಣ ಸಡಿಲವಾದರೆ, ಅಂಟು ಹಚ್ಚಿ ಕೂರಿಸಿಕೊಳ್ಳುವ ಮೊದಲು ದವಡೆಯ ಮೂಳೆ ಎಷ್ಟು ಇಳಿದಿದೆಯೆಂದು ದಂತವೈದ್ಯರಿಗೆ ತೋರಿಸಬೇಕು.