ಡ್ರೈವ್‌ವೇ ಮರುನಿರ್ಮಾಣ (ಶೀತ ಪ್ರದೇಶ)

ಅಮೆರಿಕದ ಮಿನ್ನೆಸೋಟದಂಥ ಚಳಿ ಸೀಮೆಯಲ್ಲಿ, ರಸ್ತೆಯಿಂದ ಮನೆಯ ಗ್ಯಾರೇಜಿನವರೆಗೆ ಹಾಕಿದ ಹಳೆಯ ಕಾಂಕ್ರೀಟನ್ನು ಒಡೆದು ತೆಗೆದು ಹೊಸದಾಗಿ ಹಾಕುವ ಕೆಲಸ. ಕಾಂಕ್ರೀಟಿನ ರಂಧ್ರಗಳಿಗೆ ಇಳಿದ ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಚಳಿಗಾಲದುದ್ದಕ್ಕೂ ಹೀಗೆ ಹೆಪ್ಪುಗಟ್ಟಿ ಕರಗುತ್ತಿದ್ದರೆ ಮೇಲ್ಪದರ ಹಪ್ಪಳದಂತೆ ಎದ್ದು, ಒಳಗಿನ ಜಲ್ಲಿ ಕಾಣತೊಡಗುತ್ತದೆ. ಹಿಮ ಕರಗಿಸಲು ಎರಚುವ ಉಪ್ಪು ಹಾನಿಯನ್ನು ಹೆಚ್ಚಿಸುತ್ತದೆ. ತಳವೇ ಕುಸಿದಿದ್ದರೆ ತೇಪೆ ಹಾಕುವುದು ದುಡ್ಡು ದಂಡ. ಜಲ್ಲಿಯ ತಳವನ್ನು ದಮ್ಮಸು ಮಾಡಿ, ನೀರು ಮನೆಯಿಂದಾಚೆ ಹರಿಯುವಂತೆ ಇಳಿಜಾರು ಕೊಟ್ಟು, ಕನಿಷ್ಠ 4 ಅಂಗುಲ ದಪ್ಪಕ್ಕೆ ಕಾಂಕ್ರೀಟ್ ಹಾಕುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು ಅದರೊಳಗಿನ ಗಾಳಿ: ಶೇ. 6ರ ಆಸುಪಾಸಿನಷ್ಟಿರುವ ಅತಿಸೂಕ್ಷ್ಮ ಗುಳ್ಳೆಗಳು ಹಿಗ್ಗುವ ನೀರಿಗೆ ಜಾಗ ಕೊಡುತ್ತವೆ. ಮೊದಲ ಚಳಿಗಾಲದಲ್ಲಿ ಉಪ್ಪಿನ ಬದಲು ಮರಳು ಎರಚುವುದೇ ಸರಿ.