ಪೋರುಮಾಮಿಳ್ಳ ಶಾಸನವೂ ಕೆರೆಯ ತಳದ ಗಟ್ಟಿ ಮಣ್ಣೂ

"ನಮ್ಮ ಹಿರಿಯರು ಅಂತರ್ಜಲ ಹೆಚ್ಚಿಸೋಕೇ ಕೆರೆ ಕಟ್ಟಿಸಿದರು, ಶಾಸನದಲ್ಲೇ ಇದೆ" ಅನ್ನೋ ಮಾತು ಈಗ ಎಲ್ಲ ಕಡೆ ಕೇಳಿಬರುತ್ತೆ. ನಾನೂ ಒಮ್ಮೆ ಹಾಗೇ ಭಾಷಣ ಮಾಡಿ, ಪೋರುಮಾಮಿಳ್ಳ ಶಾಸನವನ್ನು ಸಾಕ್ಷಿಗೆ ಕರೆದಿದ್ದೆ. ಆಮೇಲೆ ಎಪಿಗ್ರಾಫಿಯಾ ಇಂಡಿಕಾದ 14ನೇ ಸಂಪುಟ ತೆಗೆದು ಕೂತು ಓದಿದಾಗ ಮುಖ ಸಪ್ಪಗಾಯಿತು.

ಕಡಪ ಜಿಲ್ಲೆಯ ಈ ಸಂಸ್ಕೃತ ಶಾಸನ ಶಕ 1291ರದು, ಅಂದರೆ ಕ್ರಿ.ಶ. 1369. ವಿಜಯನಗರದ ಒಂದನೇ ಬುಕ್ಕನ ಮಗ ಭಾಸ್ಕರ ಕಟ್ಟಿಸಿದ ಕೆರೆ; ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ. ಒಳ್ಳೆಯ ಕೆರೆಗೆ ಹನ್ನೆರಡು ಅಂಗ, ಕೆಟ್ಟದ್ದಕ್ಕೆ ಆರು ದೋಷ ಎಂದು ಅದು ಎಣಿಸುತ್ತದೆ. ಅಂಗಗಳಲ್ಲಿ ಒಂದು, ಗಟ್ಟಿ ಜೇಡಿಯ ನೆಲ. ದೋಷಗಳಲ್ಲಿ ಒಂದು, ಏರಿಯಿಂದ ನೀರು ಜಿನುಗುವುದು. ಇಂಗುವುದು ಇವರಿಗೆ ನಷ್ಟದ ಬಾಬತ್ತು. ನೀರು ನಿಲ್ಲಬೇಕು, ತೂಬಿನಿಂದ ಅಚ್ಚುಕಟ್ಟಿಗೆ ಹರಿಯಬೇಕು, ಅಷ್ಟೇ.

ಜಿನುಗು ಕೆರೆಯ ಲೆಕ್ಕ ಇದಕ್ಕೆ ತದ್ವಿರುದ್ಧ. ಒಣ ನೆಲಕ್ಕೆ ನೀರು ಬಿದ್ದಾಗ ಮೊದಲು ಮಣ್ಣು ಗಟಗಟ ಕುಡಿಯುತ್ತದೆ. ಒದ್ದೆಯಾದಂತೆ ಹೀರುವ ಸೆಳೆತ ತಗ್ಗಿ, ವೇಗ ಒಂದು ಮಟ್ಟಕ್ಕೆ ನಿಲ್ಲುತ್ತದೆ: ಮರಳಿನಲ್ಲಿ ದಿನಕ್ಕೆ ಮೀಟರುಗಳಲ್ಲಿ, ಗಟ್ಟಿ ಜೇಡಿಯಲ್ಲಿ ಬರೀ ಮಿಲಿಮೀಟರುಗಳಲ್ಲಿ. ಅಷ್ಟರಲ್ಲಿ ನೀರಿನೊಡನೆ ಬಂದ ನುಣುಪು ಮಣ್ಣು ಕೆಳಗಿಳಿದು, ಪಾಚಿಯೂ ಸೇರಿ, ಮೇಲೊಂದು ತೆಳು ಪದರ ಕಟ್ಟುತ್ತದೆ. ಕೆಳಗೆ ಎಷ್ಟೇ ಮರಳಿದ್ದರೂ ಈ ಪದರ ಬಿಟ್ಟಷ್ಟೇ ನೀರು ಇಳಿಯೋದು. ಅದಕ್ಕೇ ಇಂಗುಕೊಳಗಳನ್ನು ಆಗಾಗ ಒಣಗಿಸಿ, ಬಿರುಕು ಬಿಡಿಸಿ, ಕೆರೆಯುತ್ತಾರೆ.

ಹಾಗಾದರೆ ಹೂಳು ತೆಗೆಸಲು ಬಂಡಿ, ಕೋಣಗಳಿಗೆ ದತ್ತಿ ಬಿಟ್ಟ ಕನ್ನಡ ಶಾಸನಗಳು? ಕೆರೆಗೊಡಗೆ, ಬಿತ್ತುವಟ್ಟ, ದಶವಂದ ಎಲ್ಲ ಕೆರೆ ಕಾಯುವ ಏರ್ಪಾಟುಗಳೇ. ನನ್ನ ಓದಿನಲ್ಲಿ ಅಲ್ಲಿಯ ಚಿಂತೆ ನೀರು ಹಿಡಿಯುವ ಜಾಗದ್ದು. ತೆಗೆದ ಗೋಡು ಹೊಲಕ್ಕೆ ಗೊಬ್ಬರ. ಕೆರೆ ತುಂಬಿದ ವರ್ಷ ಕೆಳಗಿನ ಬಾವಿಗಳಲ್ಲೂ ನೀರು ಬರೋದನ್ನ ರೈತರು ಕಂಡೇ ಇದ್ದಾರು. ಆದರೆ ಕಂಡದ್ದು ಬೇರೆ, ಕಲ್ಲಲ್ಲಿ ಕೊರೆಸಿದ್ದು ಬೇರೆ.

ಇದು ಬರೀ ಪಂಡಿತರ ಜಗಳವಲ್ಲ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ, ಅಂತರ್ಜಲಕ್ಕೆಂದೇ. ನೀರು ನಿಲ್ಲಲಿ ಎಂದು ಕಟ್ಟಿದ ಕೆರೆಗೆ ಈಗ ಇಂಗಿಸು ಎನ್ನುತ್ತಿದ್ದೇವೆ. ಅಲ್ಲಿ ಜೆಸಿಬಿ ಇಳಿಸುವ ಮೊದಲು, ಹೂಳು ಎಲ್ಲಿಗೆ ಮುಗಿದು ಹಳೆಯ ಗಟ್ಟಿ ತಳ ಎಲ್ಲಿ ಶುರುವಾಗುತ್ತೆ ಅಂತ ಗುಂಡಿ ತೋಡಿ ನೋಡಬೇಕು. ನನ್ನ ಭಾಷಣದ ಆ ಸಾಲನ್ನಂತೂ ತೆಗೆದುಹಾಕಿದ್ದೇನೆ.